ಅಪ್ಪನ ಕೆಲಸಕ್ಕೆ ಇಂಗ್ಲಿಷ್ ಮಾತು

ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೂ ಇರಲಿಲ್ಲ. ಬಲ್ಲೆನೆಂದು ಹೇಳಿಕೊಂಡು ತಿರುಗುವವನು ಮಾತ್ರ ಒಬ್ಬನಿದ್ದ. ಅವನು ನಾನೇ. ಹಳಿಯಾಳದ ಶಾಲೆಯಲ್ಲಿ ಇಂಗ್ಲಿಷ್ ಮೊದಲನೇ ಇಯತ್ತೆಗೆ ಸೇರಿ ಐದು ತಿಂಗಳಾಗಿತ್ತು. ದಿನಾ ಒಂದೂವರೆ ಹರದಾರಿ ನಡೆದು ಹೋಗಿ ಒಂದೂವರೆ ಹರದಾರಿ ನಡೆದು ಬರುತ್ತಿದ್ದೆ. ಹರದಾರಿ ಅಂದರೆ ಎಷ್ಟು ಅಂತ ಕೇಳಬೇಡಿ, ಕಾಲು ನೋಯುವಷ್ಟು. ಬರುವಾಗ ಎದುರಿಗೆ ಸಿಕ್ಕ ಎಮ್ಮೆಗೂ ‘ಗುಡ್ ಈವನಿಂಗ್’ ಹೇಳುತ್ತಿದ್ದೆ. ಎಮ್ಮೆ ತಲೆ ಎತ್ತಿ ನೋಡಿದರೆ ಅದಕ್ಕೆ ಅರ್ಥವಾಯಿತೆಂದು ಹಿಗ್ಗುತ್ತಿದ್ದೆ.

ನಮ್ಮ ಮಾಸ್ತರು ಶನಿವಾರ ಬೆಳಿಗ್ಗೆ ಒಂದೇ ಥರದ ಇಂಗ್ಲಿಷ್ ಮಾತುಗಳನ್ನು ಗುಂಪು ಮಾಡಿ ವಹಿಯಲ್ಲಿ ಬರೆಸುತ್ತಿದ್ದರು. ಕೆಲಸಕ್ಕೆ ವರ್ಕ್, ಜಾಬ್, ಆಕ್ಯುಪೇಶನ್, ಪ್ರೊಫೆಶನ್. ಬಿಡುವಿನಲ್ಲಿ ಮಾಡುವುದಕ್ಕೆ ಹಾಬಿ, ಪಾಸ್‌ಟೈಮ್. ಬೆನ್ನಟ್ಟುವುದಕ್ಕೆ ಚೇಸ್, ಪರ್ಸ್ಯೂ, ಹಂಟ್. ಬರೆಸಿ ಮುಗಿದ ಮೇಲೆ ‘ಇವೆಲ್ಲ ಹೆಚ್ಚು ಕಡಿಮೆ ಒಂದೇ’ ಅನ್ನುತ್ತಿದ್ದರು. ನಾನು ‘ಒಂದೇ’ ಅನ್ನುವುದನ್ನು ಬರೆದುಕೊಂಡೆ, ‘ಹೆಚ್ಚು ಕಡಿಮೆ’ಯನ್ನು ಬಿಟ್ಟೆ. ಅಷ್ಟು ಬಿಟ್ಟದ್ದಕ್ಕೆ ಅಕ್ಕನ ಬಾಳೇ ಹಾಳಾಗುವುದರಲ್ಲಿತ್ತು. ಅದನ್ನೇ ಈಗ ಹೇಳಹೊರಟಿದ್ದೇನೆ.

ಮೊದಲು ಅಪ್ಪನ ವಿಷಯ. ನಮ್ಮ ಊರಿನ ಗದ್ದೆಗಳು ಕಾಡಿನ ಅಂಚಿಗೇ ಇದ್ದವು. ಭತ್ತ ಹಾಲುಗಟ್ಟಿತೆಂದರೆ ಕಾಡುಹಂದಿಗಳಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಒಂದು ಹಿಂಡು ಹೊಕ್ಕರೆ ತಿನ್ನುವುದು ಒಂದು ಪಾಲು, ತುಳಿಯುವುದು ಮೂರು ಪಾಲು. ಅವನ್ನು ಓಡಿಸುವ ಕೆಲಸವನ್ನು ಊರಿನವರು ಅಪ್ಪನಿಗೆ ಒಪ್ಪಿಸಿದ್ದರು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಕಂಬಾರನಿಗೆ, ಬಡಿಗನಿಗೆ ಕೊಡುವ ಹಾಗೆ ಅಪ್ಪನಿಗೂ ತೆನೆ ಸಮೇತ ಕಟ್ಟಿದ ಇಷ್ಟು ಸಿವುಡು ಭತ್ತ ಎಂದು ಆಯ ಕೊಡುತ್ತಿದ್ದರು. ತೇರಗಾಂವದ ಕಡೆಯವರೂ ಕೆಲವೊಮ್ಮೆ ಅಪ್ಪನನ್ನು ಕರೆಸಿಕೊಳ್ಳುತ್ತಿದ್ದರು.

ಅಪ್ಪನ ಹತ್ತಿರ ಬಂದೂಕು ಇರಲಿಲ್ಲ, ಈಟಿಯೂ ಇರಲಿಲ್ಲ. ಒಂದು ತುಕ್ಕು ಹಿಡಿದ ಎಣ್ಣೆ ಡಬ್ಬಿ, ಎರಡು ಕೋಲು, ಮತ್ತೆ ದೊಡ್ಡ ಗಂಟಲು. ಸಂಜೆ ಗದ್ದೆಯ ಅಟ್ಟ ಹತ್ತಿ ಡಬ್ಬಿ ಬಡಿಯುತ್ತ ಹಂದಿಗಳ ಜೊತೆ ಮಾತಿಗಿಳಿಯುತ್ತಿದ್ದ. ‘ಬಂದಿರೇನ್ರಿ ಬೀಗರ, ಆರಾಮ ಇದ್ದೀರಿ? ಊಟ ಆದಂಗ ಕಾಣ್ತೈತಿ. ಇನ್ನ ಹೊರಡ್ರಿ, ಮನ್ಯಾಗ ಮಕ್ಕಳು ಕಾಯ್ತಿರ್ತಾವ’ ಎಂದು ಮದುವೆ ಮನೆಯಲ್ಲಿ ಬೀಗರನ್ನು ಸಾಗಹಾಕುವ ಹಾಗೆ ಕೂಗುತ್ತಿದ್ದ. ಓಡಿಸಬೇಕು, ಕೊಲ್ಲಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ಯಾಕೆ ಅಂತ ಯಾರಾದರೂ ಕೇಳಿದರೆ, ‘ಎಲ್ಲಾ ಹಂದಿ ಸತ್ತು ಹೋದ್ರ ನನಗ ಆಯ ಯಾರು ಕೊಡ್ತಾರ?’ ಎಂದು ನಗುತ್ತಿದ್ದ. ಅದು ಬರೀ ಚೇಷ್ಟೆಯ ಮಾತು. ಸುಗ್ಗಿ ಮುಗಿದ ದಿನ ಅಪ್ಪ ತನ್ನ ಆಯದಿಂದ ಒಂದು ಸಿವುಡು ಒಯ್ದು ಕಾಡಿನ ಅಂಚಿಗೆ ಇಟ್ಟು, ಕೈಮುಗಿದು ಬರುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಹಿಂದಿನ ವರ್ಷ ಒಂದು ತಾಯಿಹಂದಿ ಅಪ್ಪನ ತೊಡೆಯನ್ನು ಹರಿದುಹಾಕಿತ್ತು. ಮಬ್ಬಿನಲ್ಲಿ ಅಪ್ಪ ಕಾಣದೆ ಅದರ ಮತ್ತು ಮರಿಗಳ ನಡುವೆ ಹೋಗಿ ನಿಂತಿದ್ದ. ಚಕ್ಕಡಿಯಲ್ಲಿ ಹಾಕಿಕೊಂಡು ಹಳಿಯಾಳದ ದವಾಖಾನೆಗೆ ಒಯ್ದರು. ಅಲ್ಲಿ ಧಾರವಾಡ ಕಡೆಯ ಒಬ್ಬ ನರ್ಸಬಾಯಿ ಇದ್ದರು. ಒಂದೂವರೆ ತಿಂಗಳು ಅವರು ಅಪ್ಪನ ಗಾಯ ತೊಳೆದು ಪಟ್ಟಿ ಕಟ್ಟಿದರು. ಅಪ್ಪನ ಜೊತೆಗಿದ್ದ ಅಕ್ಕ ಮೊದಲು ಪಟ್ಟಿ ಒಗೆದುಕೊಟ್ಟಳು, ಆಮೇಲೆ ಕಟ್ಟಲು ಕಲಿತಳು, ಕೊನೆಗೆ ಪಕ್ಕದ ಮಂಚದ ರೋಗಿಗಳಿಗೂ ‘ಅಳಬ್ಯಾಡ್ರಿ, ಮುಗೀತು ಮುಗೀತು’ ಎಂದು ಹೇಳತೊಡಗಿದಳು. ಅಪ್ಪ ಕುಂಟುತ್ತ ಮನೆಗೆ ಬಂದ. ಅಕ್ಕ ಬರುವಾಗ ತನ್ನ ಮನಸ್ಸನ್ನು ಅಲ್ಲಿಯೇ ಬಿಟ್ಟು ಬಂದಳು.

ಅವಳು ಕನ್ನಡ ಏಳನೇ ಇಯತ್ತೆ ಪಾಸಾಗಿದ್ದಳು. ಬೆಳಗಾವಿ ಕಡೆ ಒಂದು ದೊಡ್ಡ ದವಾಖಾನೆಯಲ್ಲಿ ಹುಡುಗಿಯರಿಗೆ ಊಟ ವಸತಿ ಕೊಟ್ಟು ದಾದಿ ಕೆಲಸ ಕಲಿಸುತ್ತಾರೆಂದು ನರ್ಸಬಾಯಿಯೇ ಹೇಳಿದರು. ಹುಡುಗಿಯನ್ನು ಅಷ್ಟು ದೂರ ಕಳಿಸುವುದೇ ಎಂದು ಊರಿನವರು ಅಪ್ಪನ ಕಿವಿ ಚುಚ್ಚಿದರು. ‘ನನ್ನ ಕಾಲು ಉಳಿಸಿದಾಕಿನೂ ಯಾರದರ ಮನೀ ಮಗಳ ಹೌದಲ್ಲೋ’ ಎಂದು ಅಪ್ಪ ಅವರ ಬಾಯಿ ಮುಚ್ಚಿಸಿದ. ಹೀಗೆ ಅರ್ಜಿಯ ಕಾಗದ ನಮ್ಮ ಮನೆಗೆ ಬಂತು.

ಅದು ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ. ತಾವೇ ತುಂಬಿಕೊಡುತ್ತೇನೆಂದು ನರ್ಸಬಾಯಿ ಹೇಳಿದರು. ನಾನು ಬಿಡಬೇಕಲ್ಲ. ‘ನನಗ ಇಂಗ್ಲಿಷ್ ಬರ್ತೈತ್ರಿ’ ಎಂದು ಎದೆ ಉಬ್ಬಿಸಿ ನಿಂತೆ. ಅವರು ನಕ್ಕು, ಯಾವ ಚೌಕದಲ್ಲಿ ಏನು ಬರೆಯಬೇಕೆಂದು ಕನ್ನಡದಲ್ಲಿ ತಿಳಿಸಿ ಹೇಳಿದರು. ಹೆಸರು, ವಯಸ್ಸು, ತಂದೆಯ ಕೆಲಸ, ಹುಡುಗಿಯ ಹಾಬಿ. ಗೀಟು ಹೊಡೆದು ತಿದ್ದಿದ ಅರ್ಜಿ ನಡೆಯುವುದಿಲ್ಲ, ಎರಡನೇ ಕಾಗದವೂ ಇಲ್ಲ, ಯುದ್ಧದ ಕಾಲ, ಕಾಗದಕ್ಕೆ ಬರ ಬಂದಿದೆ, ಹುಷಾರು ಎಂದರು. ಗುರುವಾರ ಮಧ್ಯಾಹ್ನದ ಮೋಟಾರಿಗೆ ತಾವು ರಜೆಯ ಮೇಲೆ ಹೊರಡುವುದಾಗಿಯೂ, ಅರ್ಜಿಯನ್ನು ಕೈಯಾರೆ ಒಯ್ದು ಮುಟ್ಟಿಸುವುದಾಗಿಯೂ ಹೇಳಿದರು. ಅದೇ ಕೊನೆಯ ವಾರ.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಕೂತೆ. ಶಾಯಿಯ ಗುಳಿಗೆಯನ್ನು ನೀರಿನಲ್ಲಿ ಕಲಸಿ, ಅದ್ದಿ ಬರೆಯುವ ಟಾಕಿನ ಮುಳ್ಳನ್ನು ತಲೆಗೂದಲಿಗೆ ಒರೆಸಿ ಸಿದ್ಧನಾದೆ. ಹೆಸರು, ವಯಸ್ಸು ಸಲೀಸಾಗಿ ಮುಗಿದವು. ಹಾಬಿಯ ಚೌಕ ಎಲ್ಲಕ್ಕಿಂತ ದೊಡ್ಡದಿತ್ತು, ಏಳೆಂಟು ಗೆರೆ ಬರೆಯುವಷ್ಟು.

‘ಹಾಬಿ ಅಂದ್ರೇನೋ ತಮ್ಮಾ?’ ಅಕ್ಕ ಕೇಳಿದಳು.

‘ಕೆಲಸ ಎಲ್ಲಾ ಮುಗದ ಮ್ಯಾಲ ಮಾಡೂದು.’

‘ಕೆಲಸ ಎಲ್ಲಾ ಮುಗಿಯೂದು ಯಾವಾಗ?’

ಇದು ನನ್ನ ವಹಿಯಲ್ಲಿ ಇರಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಒಳಗಿನಿಂದಲೇ, ‘ಮುಗದ ದಿನ ನನಗೂ ಒಂದೀಟು ಹೇಳ್ರಿ’ ಅಂದಳು.

ಅಕ್ಕ ಕವಣೆಯಲ್ಲಿ ಕಲ್ಲು ಬೀಸಿ ಗಿಳಿ ಓಡಿಸುವುದರಲ್ಲಿ ಊರಿಗೇ ಮೊದಲಿಗಳು. ಅದೂ ಗಿಳಿಗೆ ತಾಗದ ಹಾಗೆ, ಪಕ್ಕದ ಕೊಂಬೆಗೆ ಹೊಡೆಯುತ್ತಿದ್ದಳು. ಅದನ್ನೇ ಹಾಬಿ ಅಂತ ಬರೆಯುತ್ತೇನೆ ಅಂದೆ. ‘ನಾ ಒಂದು ದಿನ ಹೋಗಲಿಲ್ಲಂದ್ರ ತೆನಿ ಎಲ್ಲಾ ಗಿಳಿ ಪಾಲು. ಅದು ಕೆಲಸಾನ’ ಎಂದು ಅವಳು ಒಪ್ಪಲಿಲ್ಲ. ಕಸೂತಿಯೂ ಕೆಲಸ, ಕುಂಚಿಗೆ ಹೊಲಿಯುವುದೂ ಕೆಲಸ, ಕರುವಿನ ಜೊತೆ ಮಾತಾಡುವುದು ಕೂಡ ಕೆಲಸವೇ, ಯಾಕೆಂದರೆ ಅವಳು ಮಾತಾಡಿಸದಿದ್ದರೆ ತಾಯಿಹಸು ಹಾಲು ಬಿಡುತ್ತಿರಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಆ ಚೌಕವನ್ನು ಖಾಲಿ ಬಿಟ್ಟೆ. ನರ್ಸಬಾಯಿಯನ್ನೇ ಕೇಳೋಣ ಎಂದುಕೊಂಡೆವು.

ಉಳಿದದ್ದು ಅಪ್ಪನ ಕೆಲಸ. ಅಪ್ಪ ಚಕ್ಕಡಿಯ ಗಾಲಿಗೆ ಎಣ್ಣೆ ಬಿಡುತ್ತಿದ್ದ. ‘ಹೊಲಾ ಕಾಯೂದು, ಹಂದಿ ಓಡಸೂದು. ಅಷ್ಟ ಬರಿ’ ಅಂದ.

ಅಷ್ಟೇ ಬರೆಯಲು ನನಗೆ ಮನಸ್ಸಾಗಲಿಲ್ಲ. ನನ್ನ ವರ್ಗದಲ್ಲಿ ಒಬ್ಬನ ಅಪ್ಪ ಕಚೇರಿಯ ಕಾರಕೂನ, ಇನ್ನೊಬ್ಬನ ಅಪ್ಪ ದಾಂಡೇಲಿ ಕಾಡಿನ ಸಾಗವಾನಿ ವ್ಯಾಪಾರಿ. ನನ್ನಪ್ಪ ಡಬ್ಬಿ ಬಡಿಯುವವ. ಹುಡುಗರು ನನ್ನನ್ನು ‘ಡಬ್ಬಿ’ ಎಂದೇ ಕರೆಯುತ್ತಿದ್ದರು. ವಹಿ ತೆಗೆದು ನೋಡಿದೆ. ಚೇಸ್, ಪರ್ಸ್ಯೂ, ಹಂಟ್. ನಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಟೋಪಿ ಹಾಕಿ, ಬಂದೂಕು ಹಿಡಿದು, ಹುಲಿಯ ಮೇಲೆ ಕಾಲಿಟ್ಟು ನಿಂತ ಒಬ್ಬನ ಚಿತ್ರವಿತ್ತು, ಕೆಳಗೆ ‘ಹಂಟರ್’ ಎಂದು ಬರೆದಿತ್ತು. ಎಲ್ಲವೂ ಒಂದೇ ಎಂದ ಮೇಲೆ ಚಂದದ್ದನ್ನೇ ಯಾಕೆ ಬರೆಯಬಾರದು? ದುಂಡಗಿನ ಅಕ್ಷರದಲ್ಲಿ ಹಂಟರ್ ಎಂದು ಬರೆದೆ.

‘ಏನ ಬರದಿ, ಓದು ನೋಡೂಣು’ ಅಂದ ಅಪ್ಪ.

ಅಕ್ಷರಗಳ ಮೇಲೆ ಬೆರಳಿಟ್ಟು ‘ಹೊಲಾ ಕಾಯೂದು, ಹಂದಿ ಓಡಸೂದು’ ಎಂದು ಓದಿದೆ. ಇಷ್ಟು ಸಣ್ಣ ಮಾತಿನಲ್ಲಿ ಅಷ್ಟೂ ಬಂತೇ ಎಂದು ಅಪ್ಪ ಬೆರಗಾದ. ‘ಇಂಗ್ಲಿಷ್ ಹಂಗ ಐತಿ’ ಅಂದೆ. ಅಪ್ಪ ಎಣ್ಣೆಯ ಕೈಯನ್ನು ಹಿಂದಕ್ಕೆ ಹಿಡಿದುಕೊಂಡು, ಬಗ್ಗಿ, ಕಾಗದದ ಮೇಲಿನ ತನ್ನ ಕೆಲಸವನ್ನು ಬಹಳ ಹೊತ್ತು ನೋಡಿದ. ಆ ಮುಖ ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅವ್ವ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಳು. ಮೂವರೂ ಚಕ್ಕಡಿ ಹತ್ತಿದೆವು. ಕಾರ್ತಿಕದ ಎಳೆ ಬಿಸಿಲು, ಎರಡೂ ಕಡೆ ಹಣ್ಣಾಗುತ್ತಿದ್ದ ಭತ್ತದ ವಾಸನೆ, ಎತ್ತಿನ ಕೊರಳ ಗೆಜ್ಜೆ. ಅಕ್ಕ ಅರ್ಜಿಯನ್ನು ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಗಾಡಿ ಕುಲುಕಿದಾಗಲೆಲ್ಲ ಅದನ್ನು ಎತ್ತಿ ಹಿಡಿಯುತ್ತಿದ್ದಳು, ಒಳಗೆ ತುಂಬಿದ ಗಡಿಗೆ ಇದೆಯೋ ಎಂಬಂತೆ.

ಹಳಿಯಾಳದ ಮೋಟಾರ್ ಸ್ಟ್ಯಾಂಡಿನಲ್ಲಿ ಮೋಟಾರು ಹೊಗೆ ಬಿಡುತ್ತ ನಿಂತಿತ್ತು. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ. ಮೋಟಾರಿನ ಹಿಂದೆ ದೊಡ್ಡ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದರು. ಕ್ಲೀನರ್ ಬೆವರು ಸುರಿಸುತ್ತ ಗಾಳಿಯ ಚಕ್ರ ತಿರುಗಿಸುತ್ತಿದ್ದ. ಕೆಂಡ ಹತ್ತಿತೆಂದರೆ ಹೊರಟೇಬಿಡುತ್ತದೆ. ನರ್ಸಬಾಯಿ ತಮ್ಮ ಟ್ರಂಕಿನ ಮೇಲೆ ಕೂತು ನಮ್ಮ ದಾರಿ ನೋಡುತ್ತಿದ್ದರು.

ಅವರು ಅರ್ಜಿಯನ್ನು ಮೇಲಿನಿಂದ ಓದುತ್ತ ಬಂದರು. ‘ಅಕ್ಷರ ಚಲೋ ಅದಾವ’ ಅಂದರು. ನಾನು ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದೆ. ಆಮೇಲೆ ಅವರ ಬೆರಳು ನಿಂತಿತು.

‘ನಿಮ್ಮ ಮನ್ಯಾಗ ಬಂದೂಕ ಐತೇನ್ರಿ?’ ಎಂದು ಅಪ್ಪನನ್ನು ಕೇಳಿದರು.

‘ಬಂದೂಕ ಎಲ್ಲಿಂದ ತರ್ಲಿ ಬಾಯಿಯವರ. ಒಂದು ಡಬ್ಬಿ ಐತಿ.’

‘ಇಲ್ಲಿ ಬೇಟೆಗಾರ ಅಂತ ಬರದೈತಲ್ಲ.’

ಅಪ್ಪ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ. ನರ್ಸಬಾಯಿ ಮೆಲ್ಲಗೆ ವಿವರಿಸಿದರು. ಆಯ್ಕೆ ಮಾಡುವ ಮುಂಚೆ ಪ್ರತಿ ಹುಡುಗಿಯ ಮನೆತನದ ಬಗ್ಗೆ ದವಾಖಾನೆಯವರು ತಾಲೂಕಿನ ಕಚೇರಿಗೆ ಬರೆದು ವಿಚಾರಿಸುತ್ತಾರೆ. ಬೇಟೆಗಾರ ಅಂದ ಮೇಲೆ ಪರವಾನಗಿ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಪರವಾನಗಿ ಇಲ್ಲ ಅಂದರೆ ಸರಕಾರದ ಕಾಡಿನಲ್ಲಿ ಕದ್ದು ಬೇಟೆಯಾಡುವವನ ಮಗಳು ಅಂತಾಗುತ್ತದೆ. ಜಂಗಲ್ ಖಾತೆಯವರು ನಮ್ಮ ಮನೆಗೂ ಬರುತ್ತಾರೆ, ಅಕ್ಕನ ಅರ್ಜಿಯೂ ಬಿದ್ದುಹೋಗುತ್ತದೆ. ಗೀಟು ಹೊಡೆಯುವಂತಿಲ್ಲ. ಬೇರೆ ಕಾಗದವಿಲ್ಲ. ಕ್ಲೀನರ್ ಚಕ್ರ ತಿರುಗಿಸುವುದನ್ನು ನಿಲ್ಲಿಸಿ ಹಣೆ ಒರೆಸಿಕೊಂಡ. ಮೋಟಾರು ಗುರ್ ಎಂದಿತು.

ನನಗೆ ಅಳು ಬಂತು. ಅಕ್ಕ ಅಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ‘ಖಾಲಿ ಚೌಕ ಒಂದು ಐತಲ್ರಿ, ಅಲ್ಲಿ ಬರಿಯಾಕ ಬರ್ತೈತೇನ?’ ಎಂದು ಕೇಳಿದಳು. ಬರೆಯಬಹುದು ಅಂದರು ನರ್ಸಬಾಯಿ, ಏನು ಬರೆಯಲಿ ಹೇಳು ಎಂದು ತಮ್ಮ ಪೆನ್ನು ತೆಗೆದರು. ಅಕ್ಕ ಆ ಪೆನ್ನನ್ನು ಅವರ ಕೈಯಿಂದ ಇಸಿದುಕೊಂಡಳು.

‘ಕನ್ನಡದಾಗ ಬರದ್ರ ಅಲ್ಲಿನ ಇಂಗ್ಲಿಷ್ ದೊಡ್ಡ ನರ್ಸಬಾಯಿಯವರಿಗೆ ಓದಾಕ ಬರೂದಿಲ್ಲವ್ವಾ’ ಅಂದರು ಅವರು.

‘ಓದಾಕ ಬರದಿದ್ರ ಯಾರನ್ನರ ಕೇಳ್ಲಿರಿ. ಅವರ ಇಂಗ್ಲಿಷಿಗೆ ನಾವು ಇವನ್ನ ಕೇಳಿಲ್ಲೇನ್ರಿ?’

ಟ್ರಂಕಿನ ಮೇಲೆ ಕಾಗದವಿಟ್ಟು, ಮೊಣಕಾಲೂರಿ ಬರೆದಳು. ಸುತ್ತ ನಿಂತವರು ಸರಿದು ಬೆಳಕು ಬಿಟ್ಟರು. ಬರೆದದ್ದನ್ನು ಅಪ್ಪನಿಗೆ ಕೇಳುವ ಹಾಗೆ ದೊಡ್ಡದಾಗಿ ಓದಿದಳು:

‘ನಮ್ಮಪ್ಪ ಬೇಟೆ ಆಡುವುದಿಲ್ಲ. ಊರವರ ಗದ್ದೆಗೆ ಬಂದ ಹಂದಿಗಳನ್ನು ಡಬ್ಬಿ ಬಡಿದು ಕಾಡಿಗೆ ಕಳಿಸುತ್ತಾನೆ. ಒಂದನ್ನೂ ಕೊಂದಿಲ್ಲ. ತನ್ನ ತೊಡೆ ಹರಿದ ಹಂದಿಯನ್ನೂ ಮರಿಗಳ ಸಂಗಡ ಕಳಿಸಿಕೊಟ್ಟಿದ್ದಾನೆ. ಮೇಲಿನ ಚೌಕ ತುಂಬಿದವನು ನನ್ನ ತಮ್ಮ. ಅವನಿಗೆ ಇಂಗ್ಲಿಷ್ ಇನ್ನೂ ಬರುವುದಿಲ್ಲ. ನನ್ನ ಬಿಡುವಿನ ವಿಷಯ ಕೇಳಿದ್ದೀರಿ. ಬಿಡುವು ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಯೋಚಿಸಿ ಹೇಳುತ್ತೇನೆ.’

ಸುತ್ತ ನಿಂತವರು ನಕ್ಕರು. ನರ್ಸಬಾಯಿ ನಗಲಿಲ್ಲ. ಕಾಗದವನ್ನು ಮಡಿಸಿ ತಮ್ಮ ಚೀಲದಲ್ಲಿ ಇಟ್ಟುಕೊಂಡು, ಅಕ್ಕನ ತಲೆ ಮುಟ್ಟಿ ಮೋಟಾರು ಹತ್ತಿದರು. ಆಗುತ್ತದೆ ಅಂತಲೂ ಹೇಳಲಿಲ್ಲ, ಆಗುವುದಿಲ್ಲ ಅಂತಲೂ ಹೇಳಲಿಲ್ಲ.

ಮರಳುವ ದಾರಿಯಲ್ಲಿ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಅಕ್ಕ ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟು ಧೂಳು ನೋಡುತ್ತ ಕೂತಿದ್ದಳು. ಅಪ್ಪ ಬೈದಿದ್ದರೆ, ಎರಡು ಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಅರ್ಧ ದಾರಿ ಬಂದ ಮೇಲೆ, ಎತ್ತಿನ ಕಡೆಗೇ ಮುಖ ಮಾಡಿಕೊಂಡು ಕೇಳಿದ.

‘ಹಂಟರ್ ಅಂದ್ರ ಬಂದೂಕ ಹಿಡದಾವನೇನು?’

‘ಹೂಂ.’

‘ಅದು ಚಂದ ಕಾಣ್ತೈತಿ ಅಂತ ಬರದಿ.’

‘ಹೂಂ.’

‘ನಾ ಮಾಡೂದು ನಿನಗ ಚಂದ ಕಾಣೂದಿಲ್ಲೇನೋ ತಮ್ಮಾ?’

ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಒಂದು ಕೈಯಲ್ಲಿ ಹಗ್ಗ ಹಿಡಿದು,  ಇನ್ನೊಂದು ಕೈಯಿಂದ ನನ್ನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ. ಹಿಂದಿನಿಂದ ಅಕ್ಕ, ‘ಅಳೂದು ಇಂಗ್ಲಿಷಿನ್ಯಾಗ ಅಳು, ಎಷ್ಟು ಬರ್ತೈತಿ ನೋಡೂಣು’ ಅಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಜೋರಾಗಿ ಅಳು ಬಂತು.

ಆ ಸಂಜೆ ನಾನಾಗಿಯೇ ಅಪ್ಪನ ಹಿಂದೆ ಗದ್ದೆಗೆ ಹೋದೆ. ಅಪ್ಪ ಡಬ್ಬಿ ನನ್ನ ಕೈಗೆ ಕೊಟ್ಟ. ಬಡಿಯುವುದರಲ್ಲಿ ಎಷ್ಟೊಂದು ಲೆಕ್ಕಾಚಾರ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗಾಳಿ ಎತ್ತ ಬೀಸುತ್ತಿದೆ ನೋಡಬೇಕು, ಹಿಂಡಿಗೆ ಓಡಿಹೋಗಲು ಒಂದು ಕಡೆ ದಾರಿ ಬಿಡಬೇಕು, ಮರಿಗಳಿದ್ದರೆ ಬಡಿತ ನಿಧಾನ ಮಾಡಬೇಕು. ಇಲ್ಲದಿದ್ದರೆ ಮರಿಗಳು ತಾಯಿಯಿಂದ ಬೇರೆಯಾಗಿಬಿಡುತ್ತವೆ. ಹೊತ್ತು ಮುಳುಗುವ ಮುಂಚೆ ಒಂದು ಹಿಂಡು ಬಂತು. ‘ಬೀಗರ, ಹೊರಡ್ರಿ’ ಎಂದು ಕೂಗಿ ಬಡಿದೆ. ಹೊರಟವು. ನನ್ನ ಮಾತು ಕೇಳಿ ಒಂದು ಹಿಂಡು ಹಂದಿ ಹೊರಟಿತು ಅನ್ನುವ ಖುಷಿಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಕ್ಕ ಮಾತ್ರ ದಿನಾ ಟಪಾಲಿನವನ ದಾರಿ ಕಾಯುತ್ತಿದ್ದಳು. ಭತ್ತದ ರಾಶಿ ಮಾಡುವ ದಿನ ಒಂದು ಕಾರ್ಡು ಬಂತು. ಬಂದದ್ದು ಕನ್ನಡದಲ್ಲಿ. ದೊಡ್ಡ ನರ್ಸಬಾಯಿಯವರು ಹೇಳಿ ಯಾರಿಂದಲೋ ಬರೆಸಿದ್ದರು. ‘ನೀನು ಬರೆದದ್ದನ್ನು ಓದಿಸಿ ಕೇಳಿದೆ. ಬಿಡುವಿನಲ್ಲಿ ಏನು ಮಾಡಬೇಕೆಂದು ಚಿಂತಿಸಬೇಡ, ಇಲ್ಲಿಯೂ ಬಿಡುವು ಸಿಗುವುದಿಲ್ಲ. ಮುಂದಿನ ತಿಂಗಳು ಹೊರಟು ಬಾ.’ ಅಕ್ಕ ಓದಿ ಮುಗಿಸುವಷ್ಟರಲ್ಲಿ ಅವ್ವ ಮೊರ ಕೆಳಗಿಟ್ಟು ಅಳುತ್ತಿದ್ದಳು, ಅಪ್ಪ ರಾಶಿಯ ಸುತ್ತ ಕುಂಟುತ್ತ ಸುಮ್ಮನೆ ಓಡಾಡುತ್ತಿದ್ದ. ಮುಂದೆ ಮುಂಡಗೋಡದಲ್ಲಿ, ಜೊಯಿಡಾದ ಕಾಡಿನ ಊರುಗಳಲ್ಲಿ ದಾದಿಯಾದ ಅಕ್ಕನ ಕೈಗೆ ಹುಟ್ಟಿದ ಮಕ್ಕಳೇ ಈಗ ಅಜ್ಜ ಅಜ್ಜಿಯರಾಗಿದ್ದಾರೆ.

ಈಗ ನಮ್ಮ ಮನೆ ದಾಂಡೇಲಿಯಲ್ಲಿದೆ. ನನ್ನ ಮೊಮ್ಮಕ್ಕಳಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಮೊನ್ನೆ ಇಬ್ಬರೂ ಮೊಬೈಲಿನಲ್ಲಿ ಶಾಲೆಯ ಫಾರ್ಮು ತುಂಬುತ್ತಿದ್ದರು. ಮೊಮ್ಮಗ ತನ್ನ ಹಾಬಿಯ ಚೌಕದಲ್ಲಿ ಐದು ಬರೆದ, ಜಾಗ ಸಾಲದೆ ಆರನೆಯದನ್ನು ಬಿಟ್ಟ. ಒಂದೊಂದಕ್ಕೂ ಒಂದೊಂದು ಕ್ಲಾಸು, ಒಬ್ಬೊಬ್ಬ ಸರ್. ನನಗೇನೂ ಹೊಟ್ಟೆಕಿಚ್ಚಿಲ್ಲ. ಸುಳ್ಳು ಯಾಕೆ, ಸ್ವಲ್ಪ ಇದೆ.

ಮೊಮ್ಮಗಳು ಅಪ್ಪನ ಉದ್ಯೋಗದ ಚೌಕಕ್ಕೆ ಬಂದು ನಿಂತಳು. ಅಲ್ಲಿ ಒಂದು ಯಾದಿ ಇತ್ತು. ಸರಕಾರಿ ನೌಕರಿ, ಖಾಸಗಿ ನೌಕರಿ, ವ್ಯಾಪಾರ, ಕೃಷಿ, ಇತರೆ. ನನ್ನ ಮಗ ಸುತ್ತಲಿನ ಹಳ್ಳಿಗಳಿಗೆ ಹೋಗಿ ಕೆಟ್ಟ ಪಂಪು ರಿಪೇರಿ ಮಾಡುತ್ತಾನೆ. ಅವಳು ‘ಇತರೆ’ ಒತ್ತಿದಳು. ಕೆಳಗೆ ಬರೆಯಲು ಒಂದು ಗೆರೆ ತೆರೆದುಕೊಂಡಿತು.

‘ಅಜ್ಜಾ, ಇಂಜಿನಿಯರ್ ಅಂತ ಬರೀಲೇನು? ಹೆಚ್ಚು ಕಡಿಮಿ ಅದನ ಅಲ್ಲ? ನೋಡಾಕೂ ಚಂದ ಕಾಣ್ತೈತಿ’ ಅಂದಳು.

‘ನಿಮ್ಮಪ್ಪ ಹೊರಗ ಪಂಪಿನ ಮೋಟಾರ್ ಬಿಚ್ಚಿಕೊಂಡು ಕುಂತಾನ. ಹೋಗಿ ಅವನ್ನ ಕೇಳು. ಅವ ಏನ ಹೇಳ್ತಾನ ಅದನ್ನ ಬರಿ’ ಅಂದೆ.

ಹೋದಳು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಮಗನ ದನಿ ಕೇಳಿಸಿತು. ಪಂಪು ಯಾಕೆ ನೀರು ಎಳೆಯುವುದಿಲ್ಲ, ಬೇಸಿಗೆಯಲ್ಲಿ ಒಂದು ಊರಿನವರೆಲ್ಲ ಕೊಡ ಹಿಡಿದು ಹೇಗೆ ಅವನ ದಾರಿ ಕಾಯುತ್ತಾರೆ, ನೀರು ಬಂದ ಕೂಡಲೇ ಹೇಗೆ ಕೂಗುತ್ತಾರೆ, ಎಲ್ಲ ಹೇಳುತ್ತಿದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನೂ ಕೇಳಿರಲಿಲ್ಲ. ಕಿಟಕಿಯಿಂದ ನೋಡಿದೆ. ಮೊಮ್ಮಗಳು ಮೊಬೈಲನ್ನು ಪಕ್ಕಕ್ಕಿಟ್ಟು, ಗ್ರೀಸು ಮೆತ್ತಿದ ಅಪ್ಪನ ಕೈಗಳನ್ನೇ ನೋಡುತ್ತ ಕೂತಿದ್ದಳು.